ಕಡಲತೀರದ ತೋಟದಲ್ಲಿ ನಡೆದ ನಮ್ಮ ವಿವಾಹ: ಒಬ್ಬ ವ್ಯಾಪಾರಿಯ ಮರುಲೆಕ್ಕ

ವ್ಯಾಪಾರಸ್ಥರಾದ ನಾವು ನೂರು ಚೀಲ ಭತ್ತ ಕೊಳ್ಳುವಾಗ ತೇವಾಂಶ ನೋಡುತ್ತೇವೆ, ತೂಕ ನೋಡುತ್ತೇವೆ, ಹಣ ಪಾವತಿಯ ಗಡುವನ್ನು ಗೊತ್ತುಪಡಿಸಿಕೊಳ್ಳುತ್ತೇವೆ. ಆದರೆ ಮನೆಯ ಮದುವೆಯೆಂಬ ದೊಡ್ಡ ಖರೀದಿಯಲ್ಲಿ ಈ ಜಾಗರೂಕತೆಯನ್ನೆಲ್ಲ ಮರೆತುಬಿಡುತ್ತೇವೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಯುವಕ ಯುವತಿಯರಲ್ಲಿಯೂ ದೂರದ ರಮ್ಯ ಸ್ಥಳದಲ್ಲಿ ವಿವಾಹವಾಗುವ ಅಪೇಕ್ಷೆ ಕಾಣಿಸಿಕೊಳ್ಳುತ್ತಿದೆ. 2023ರ ನವೆಂಬರ್ 26ರ ‘ಮನ್ ಕಿ ಬಾತ್’ ಭಾಷಣದಲ್ಲಿ ಪ್ರಧಾನಮಂತ್ರಿಗಳು, ವಿದೇಶಕ್ಕೆ ಹೋಗಿ ಮದುವೆ ಮಾಡುವ ಬದಲು ದೇಶದೊಳಗೇ ಮಾಡಿರೆಂದು ಕರೆ ನೀಡಿದ ಮೇಲೆ ಈ ವಿಷಯ ಮತ್ತಷ್ಟು ಚರ್ಚೆಗೆ ಬಂದಿತು. ಅದಕ್ಕೂ ಒಂಬತ್ತು ತಿಂಗಳು ಮೊದಲು ನಾನು ಅಂತಹ ಮದುವೆಯೊಂದರ ವರನಾಗಿದ್ದೆ. ಅದರ ಲಾಭ ನಷ್ಟಗಳನ್ನು ಕೀರ್ದಿ ಪುಸ್ತಕ ಬರೆಯುವ ಕ್ರಮದಲ್ಲಿಯೇ ವಾಣಿಜ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ನಿರ್ಧಾರದ ಹಿನ್ನೆಲೆ

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿದ ಅಕ್ಕಿ ಗಿರಣಿ. ತಂದೆಯವರ ಕಾಲದಿಂದ ದಲಾಲಿ ಅಂಗಡಿಯೂ ಉಂಟು. ಊರಿನಲ್ಲಿ ಮದುವೆಯಾದರೆ ರೈತರು, ದಲಾಲರು, ಲಾರಿ ಮಾಲೀಕರು, ಹಮಾಲರು, ಅವರ ಕುಟುಂಬಗಳು ಎಂದು ಎರಡು ಸಾವಿರ ಎಲೆಗೆ ಕಡಿಮೆಯಾಗುವುದಿಲ್ಲ. ಕಡಲತೀರದಲ್ಲಿ ಮಾಡಿದರೆ ಇನ್ನೂರು ಜನರಲ್ಲಿ ಮುಗಿಯುತ್ತದೆ, ಖರ್ಚೂ ಇಳಿಯುತ್ತದೆ ಎಂಬುದು ನನ್ನ ವಾದ. ವಧುವಿನ ಕಡೆಯವರು ಲಿಂಗಸುಗೂರಿನವರು, ಅವರೂ ಒಪ್ಪಿದರು. ಕುಮಟಾ ತಾಲೂಕಿನ ಕಡಲಂಚಿನಲ್ಲಿ, ತಂಗುವ ಕೊಠಡಿಗಳಿರುವ ಒಂದು ತೆಂಗಿನ ತೋಟವನ್ನು ಗೊತ್ತುಮಾಡಿದೆವು. ಸಿಂಧನೂರಿನಿಂದ ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ಮಾರ್ಗವಾಗಿ ಅರಬೈಲು ಘಟ್ಟ ಇಳಿದು ಅಂಕೋಲೆ ತಲುಪಿ ಅಲ್ಲಿಂದ ದಕ್ಷಿಣಕ್ಕೆ ತಿರುಗಬೇಕು. ಇಡೀ ಒಂದು ಹಗಲಿನ ಪ್ರಯಾಣ. ಮದುವೆ ನಡೆದದ್ದು 2023ರ ಫೆಬ್ರುವರಿಯಲ್ಲಿ, ಹುಣ್ಣಿಮೆ ಕಳೆದ ಎರಡನೆಯ ದಿನ.

ಸ್ಥಳಪರಿಶೀಲನೆಯ ಲೋಪ

ನಾವು ತೋಟವನ್ನು ನೋಡಲು ಹೋದದ್ದು ಅಮಾವಾಸ್ಯೆಯ ಮರುದಿನದ ಒಂದು ಸಂಜೆ. ಮರಳಿನ ದಂಡೆ ಬಹಳ ಅಗಲವಾಗಿ ಕಂಡಿತು, ಗಾಳಿ ಹಿತವಾಗಿತ್ತು. ಪೆಂಡಾಲನ್ನು ತೋಟದ ಅಂಚಿನಿಂದ ಮರಳಿನವರೆಗೆ ಚಾಚುವುದೆಂದು ತೀರ್ಮಾನಿಸಿದೆವು. ಇಲ್ಲಿಯೇ ಮೊದಲನೆಯ ತಪ್ಪಾಯಿತು.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ ಉಂಟಾಗುತ್ತವೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು ಎತ್ತರಕ್ಕೆ ಏರುತ್ತದೆ, ಇಳಿತ ಹೆಚ್ಚು ದೂರ ಸರಿಯುತ್ತದೆ. ಆ ದಿನಗಳಲ್ಲಿ ಉಬ್ಬರ ಮಧ್ಯಾಹ್ನದ ಸುಮಾರಿಗೆ ಬಂದರೆ ಸಂಜೆಗೆ ಇಳಿತವಿರುತ್ತದೆ. ಈ ವೇಳೆ ದಿನಕ್ಕೆ ಸುಮಾರು ಐವತ್ತು ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ನಾವು ಸಂಜೆಯ ಇಳಿತದಲ್ಲಿ ನೋಡಿದ ದಂಡೆಯ ಮೇಲೆ ಮಧ್ಯಾಹ್ನದ ಮದುವೆಯನ್ನು ಅಳೆದಿದ್ದೆವು. ಅಕ್ಷತೆಯ ವೇಳೆ 12 ಗಂಟೆ 35 ನಿಮಿಷ. ಆ ಹೊತ್ತಿಗೆ ಸರಿಯಾಗಿ ನೀರು ಹೊರಸಾಲಿನ ಕುರ್ಚಿಗಳ ಕಾಲಿಗೆ ಬಂದು ಮುಟ್ಟಿತು. ಬಂಧುಗಳು ನಗುತ್ತಲೇ ಎದ್ದು ಹಿಂದೆ ಸರಿದರು, ಅನಾಹುತವೇನೂ ಆಗಲಿಲ್ಲ. ಆದರೆ ಭಾರತೀಯ ಸರ್ವೇಕ್ಷಣಾ ಇಲಾಖೆಯು ಪ್ರತಿವರ್ಷ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕವನ್ನು ನೋಡಿದ್ದರೆ, ಇಲ್ಲವೆ ಅಲ್ಲಿಯ ಒಬ್ಬ ಮೀನುಗಾರರನ್ನು ಕೇಳಿದ್ದರೆ ಇದು ಮೊದಲೇ ತಿಳಿಯುತ್ತಿತ್ತು.

ಎರಡನೆಯದು ಗಾಳಿ. ಹಗಲು ಏರಿದಂತೆ ನೆಲವು ಕಡಲಿಗಿಂತ ಬೇಗ ಕಾಯುವುದರಿಂದ ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಬಲವಾಗಿ ಬೀಸತೊಡಗುತ್ತದೆ. ಶಾಮಿಯಾನದ ಬಟ್ಟೆ ಬಡಿದುಕೊಳ್ಳುವ ಸದ್ದಿನಲ್ಲಿ ಸ್ವಾಮಿಗಳ ಆಶೀರ್ವಚನ ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಆರತಿಯ ದೀಪಕ್ಕೆ ಇಬ್ಬರು ಕೈ ಮರೆಮಾಡಿ ನಿಲ್ಲಬೇಕಾಯಿತು. ಮೂರನೆಯದು ತೆಂಗಿನಕಾಯಿ. ಮರದಡಿಯಲ್ಲಿ ಊಟದ ಮೇಜು ಹಾಕುವ ಮೊದಲು ಬಲಿತ ಕಾಯಿಗಳನ್ನೂ ಒಣಗರಿಗಳನ್ನೂ ಇಳಿಸಬೇಕೆಂಬುದು ಬಯಲುಸೀಮೆಯ ನಮಗೆ ಹೊಳೆದಿರಲಿಲ್ಲ. ತೋಟದ ಆಳು ಹಿಂದಿನ ದಿನ ತಾನಾಗಿಯೇ ಮರ ಹತ್ತಿ ಕಾಯಿ ಇಳಿಸಿದ್ದು ನಮ್ಮ ಪುಣ್ಯ.

ಇದರೊಂದಿಗೆ ಎರಡು ನಿಯಮಗಳನ್ನು ಗಮನದಲ್ಲಿಡಬೇಕು. ತೋಟ ಖಾಸಗಿಯಾಗಿದ್ದರೂ ಅದರ ಮುಂದಿನ ಮರಳದಂಡೆ ತೋಟದ ಮಾಲೀಕರದಲ್ಲ. ಆ ವಲಯಕ್ಕೆ 1991ರಲ್ಲಿ ಮೊದಲು ಹೊರಟು 2011 ಮತ್ತು 2019ರಲ್ಲಿ ಪರಿಷ್ಕೃತವಾದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು ಅನ್ವಯಿಸುತ್ತವೆ. ದಂಡೆಯ ಮೇಲೆ ಏನನ್ನಾದರೂ ಕಟ್ಟುವುದಿದ್ದರೆ ಮಾಲೀಕರ ಬಾಯಿಮಾತನ್ನು ನೆಚ್ಚದೆ ಅನುಮತಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಶಬ್ದಮಾಲಿನ್ಯ ನಿಯಮಗಳು 2000ದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಗಲಿನಲ್ಲಿಯೂ ಲಿಖಿತ ಅನುಮತಿ ಬೇಕು.

ರೊಟ್ಟಿ ಮತ್ತು ಅಕ್ಕಿಯ ಪಾಠ

ಕರಾವಳಿಯ ಅಡುಗೆಯವರಿಗೆ ಜೋಳದ ರೊಟ್ಟಿ ಬಾರದೆಂದು ತಿಳಿದು ಊರಿನಿಂದಲೇ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಹಿಂಡಿಗಳನ್ನು ಒಯ್ದಿದ್ದೆವು. ಸಿಂಧನೂರಿನಲ್ಲಿ ಮುರಿದರೆ ಸದ್ದಾಗುತ್ತಿದ್ದ ರೊಟ್ಟಿ, ಬಿದಿರಿನ ಬುಟ್ಟಿಯಲ್ಲಿ ಒಂದು ರಾತ್ರಿ ಕಡಲಗಾಳಿ ಉಂಡು ಬಟ್ಟೆಯಂತೆ ಮೆತ್ತಗಾಗಿತ್ತು. ಒಣರೊಟ್ಟಿಯು ಗಾಳಿಯ ತೇವವನ್ನು ಹೀರುವ ಪದಾರ್ಥ. ಹಪ್ಪಳಕ್ಕೂ ಇದೇ ಗತಿಯಾಯಿತು. ರೊಟ್ಟಿ ತಯಾರಿಸಿ ದೂರದ ಊರುಗಳಿಗೆ ಕಳುಹಿಸುವ ಸಣ್ಣ ಉದ್ಯಮಿಗಳು ಇದನ್ನು ಲಕ್ಷ್ಯದಲ್ಲಿಡಬೇಕು. ಒಣ ಹವೆಯ ಊರಿಗೆ ಸಾಲುವ ಕಟ್ಟು ಕರಾವಳಿಗೆ ಸಾಲದು; ಗಾಳಿಯಾಡದ ದಪ್ಪ ಚೀಲದಲ್ಲಿ ಬಾಯಿ ಬೆಸೆದು ಕಳುಹಿಸಿದ ಸರಕೇ ಗರಿಗರಿಯಾಗಿ ಉಳಿಯುತ್ತದೆ.

ಅಕ್ಕಿಯ ವಿಷಯದಲ್ಲಿ ಬೇರೊಂದು ಸಂಗತಿ ನಡೆಯಿತು. ಕರಾವಳಿಯವರು ನಿತ್ಯಕ್ಕೆ ಕುಚ್ಚಲಕ್ಕಿ ಉಣ್ಣುವವರಾದರೂ ಮದುವೆಗೆ ಬೆಳ್ತಿಗೆಯ ಸೋನಾ ಮಸೂರಿಯನ್ನೇ ತರಿಸುತ್ತಾರೆ. ಅಡುಗೆಮನೆಯಲ್ಲಿ ಒಟ್ಟಿದ್ದ ಚೀಲಗಳ ಮೇಲಿನ ಮುದ್ರೆ ನೋಡಿದಾಗ ಅದು ನಮ್ಮ ತಾಲೂಕಿನದೇ ಒಂದು ಗಿರಣಿಯದು. ಎರಡು ಮೂರು ಕೈ ದಾಟಿ ಅಲ್ಲಿಗೆ ಬಂದಿತ್ತು. ನಮ್ಮ ಅಕ್ಕಿ ಯಾರ ಎಲೆಯ ಮೇಲೆ ಬೀಳುತ್ತದೆಂಬುದನ್ನು ನಾನು ಮೊದಲ ಬಾರಿಗೆ ಕಂಡದ್ದು ನನ್ನ ಮದುವೆಯಲ್ಲಿಯೇ.

ಕರಾರು ಮತ್ತು ಮುಂಗಡ

ಅಲಂಕಾರದ ಗುತ್ತಿಗೆಯನ್ನು ಒಬ್ಬರಿಗೆ ಒಪ್ಪಿಸಿದ್ದೆವು. ‘ಮಂಟಪ ಮತ್ತು ಅಲಂಕಾರ’ ಎಂಬ ಎರಡೇ ಪದಗಳ ಮುಂದೆ ಒಂದು ಮೊತ್ತವಿತ್ತು. ಮದುವೆಯ ಸಂಜೆ ಜನರೇಟರು, ಡೀಸೆಲ್ಲು, ಮರಳಿನ ಮೇಲೆ ಹಾಸಿದ ಹಲಗೆ, ಕಸ ತೆರವು ಎಂದು ನಾಲ್ಕು ಬಾಬ್ತುಗಳ ಎರಡನೆಯ ಬಿಲ್ಲು ಬಂದಿತು. ಮದುವೆಯ ಸಂಜೆ ಚೌಕಾಸಿ ಮಾಡುವ ಶಕ್ತಿ ಯಾವ ಮನೆಯವರಿಗೂ ಇರುವುದಿಲ್ಲ, ಕೊಟ್ಟೆವು. ಬರೆದುಕೊಳ್ಳದ ಪ್ರತಿಯೊಂದು ಬಾಬ್ತಿಗೂ ಬೇರೆ ಹಣ ತೆರಬೇಕಾಗುತ್ತದೆ ಎಂಬುದು ಇದರ ಪಾಠ. ಇಂತಹ ಕರಾರಿನಲ್ಲಿ ಈ ಕೆಳಗಿನ ಅಂಶಗಳಿರಬೇಕು.

1. ಒಳಗೊಂಡ ಬಾಬ್ತುಗಳ ಪಟ್ಟಿ ಮಾತ್ರವಲ್ಲ, ಒಳಗೊಳ್ಳದ ಬಾಬ್ತುಗಳ ಪಟ್ಟಿ.

2. ಮುಂಗಡದ ಕಂತುಗಳು, ಪ್ರತಿ ಕಂತಿಗೂ ಜಿ.ಎಸ್.ಟಿ. ಸಂಖ್ಯೆಯಿರುವ ಸ್ವೀಕೃತಿ ರಸೀದಿ. ಸೇವೆಗೆ ಪಡೆದ ಮುಂಗಡದ ಮೇಲೆಯೂ ತೆರಿಗೆ ಬರುವುದರಿಂದ ನೋಂದಾಯಿತ ವರ್ತಕರು ಈ ರಸೀದಿಯನ್ನು ಕೊಡಲೇಬೇಕು.

3. ಒಟ್ಟು ಮೊತ್ತದಲ್ಲಿ ಒಂದು ಭಾಗವನ್ನು ಮದುವೆಯಾದ ಒಂದು ವಾರದ ನಂತರ, ಲೆಕ್ಕ ತಾಳೆ ನೋಡಿ ಕೊಡುವ ಷರತ್ತು.

4. ಚಂಡಮಾರುತ, ಸಾಂಕ್ರಾಮಿಕ ರೋಗ, ಸರ್ಕಾರಿ ನಿರ್ಬಂಧಗಳಿಂದ ಕಾರ್ಯ ನಿಂತರೆ ಮುಂಗಡ ಹಿಂದಿರುಗಿಸುವ ಅಥವಾ ದಿನಾಂಕ ಬದಲಿಸುವ ಷರತ್ತು. 2020ರ ಮಾರ್ಚ್ ತಿಂಗಳ ಲಾಕ್‌ಡೌನನ್ನೂ, 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ಬಾಧಿಸಿದ ತೌಕ್ತೆ ಚಂಡಮಾರುತವನ್ನೂ ಕಂಡವರಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಭಾರತೀಯ ಕರಾರು ಕಾಯ್ದೆ 1872ರ 74ನೆಯ ಕಲಮಿನ ಪ್ರಕಾರ, ಕರಾರು ಮುರಿದಾಗ ಕೊಡಬೇಕಾದ ಮೊತ್ತವನ್ನು ಮೊದಲೇ ಬರೆದಿದ್ದರೂ ಆ ಮಿತಿಯೊಳಗಿನ ನ್ಯಾಯಯುತ ಪರಿಹಾರವನ್ನು ಮಾತ್ರ ಪಡೆಯಬಹುದು. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಮತ್ತೊಂದು ಅನುಕೂಲವನ್ನು ಒದಗಿಸಿದೆ. ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಎಂದರೆ ಕುಮಟಾದಲ್ಲಿ ಪಡೆದ ಸೇವೆಯ ಲೋಪಕ್ಕೆ ಸಿಂಧನೂರಿನವರು ಕಾರವಾರದವರೆಗೆ ಅಲೆಯಬೇಕಿಲ್ಲ. ರಾಯಚೂರಿನ ಜಿಲ್ಲಾ ಆಯೋಗವೇ ಸಾಕು.

ತೆರಿಗೆ ಮತ್ತು ನಗದು

ನಮ್ಮ ಮದುವೆಯ ಕಾಲಕ್ಕೆ ದಿನಕ್ಕೆ 7,500 ರೂ.ವರೆಗಿನ ಕೊಠಡಿ ಬಾಡಿಗೆಗೆ ಶೇ. 12ರ ತೆರಿಗೆಯಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿದಿದೆ, ಅದಕ್ಕೆ ಮೇಲ್ಪಟ್ಟ ಬಾಡಿಗೆಗೆ ಶೇ. 18 ಮುಂದುವರಿದಿದೆ. ಊಟದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. 2025ರ ಏಪ್ರಿಲ್ 1ರಿಂದ, ಹಿಂದಿನ ಆರ್ಥಿಕ ವರ್ಷದಲ್ಲಿ ಯಾವುದೇ ಕೊಠಡಿಯನ್ನು ದಿನಕ್ಕೆ 7,500 ರೂ. ಮೀರಿದ ದರಕ್ಕೆ ನೀಡಿದ ಹೋಟೆಲನ್ನು ‘ನಿರ್ದಿಷ್ಟ ಆವರಣ’ವೆಂದು ಪರಿಗಣಿಸಲಾಗುತ್ತದೆ. ಅಲ್ಲಿಯ ಭೋಜನ ವ್ಯವಸ್ಥೆಗೆ ಶೇ. 18, ಇತರೆಡೆ ಶೇ. 5. ಉದಾಹರಣೆಗೆ, ಊಟದ ಬಿಲ್ಲು 4,00,000 ರೂ. ಆದರೆ ಮೊದಲನೆಯ ಕಡೆ ತೆರಿಗೆ 72,000 ರೂ., ಎರಡನೆಯ ಕಡೆ 20,000 ರೂ. ವ್ಯತ್ಯಾಸ 52,000 ರೂ. ಆದ್ದರಿಂದ ದರ ಕೇಳುವಾಗ ‘ತೆರಿಗೆ ಸೇರಿ ಎಷ್ಟು’ ಎಂದೇ ಕೇಳಬೇಕು.

ಮದುವೆಯ ಬಿಲ್ಲನ್ನು ಅಂಗಡಿಯ ಹೆಸರಿಗೆ ಬರೆಸಿ ಇನ್‌ಪುಟ್ ತೆರಿಗೆ ಜಮೆ ಪಡೆಯುವ ಸಲಹೆಯನ್ನು ಕೊಡುವವರು ಎಲ್ಲೆಡೆ ಇದ್ದಾರೆ. ಸ್ವಂತ ಬಳಕೆಯ ಸೇವೆಗೆ ಆ ಜಮೆ ದೊರೆಯುವುದಿಲ್ಲ, ಆದಾಯ ತೆರಿಗೆಯಲ್ಲಿಯೂ ಅದು ವ್ಯಾಪಾರದ ಖರ್ಚಲ್ಲ. ಹಾಗೆಯೇ 2017ರ ಏಪ್ರಿಲ್ 1ರಿಂದ, ಒಂದು ಸಮಾರಂಭಕ್ಕೆ ಸಂಬಂಧಿಸಿ ಒಬ್ಬ ವ್ಯಕ್ತಿಯಿಂದ 2 ಲಕ್ಷ ರೂ. ಅಥವಾ ಅದಕ್ಕೂ ಹೆಚ್ಚು ಹಣವನ್ನು ನಗದಾಗಿ ಪಡೆಯುವುದು ನಿಷಿದ್ಧ. ಹಲವು ದಿನ ಹಂಚಿ ಕೊಟ್ಟರೂ ಸಮಾರಂಭ ಒಂದೇ ಆದ್ದರಿಂದ ವಿನಾಯಿತಿ ಇಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಶಾಮಿಯಾನ, ಬ್ಯಾಂಡು, ಅಡುಗೆ ಗುತ್ತಿಗೆ ಮಾಡುವ ನಮ್ಮ ಸದಸ್ಯರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಲೆಕ್ಕಕ್ಕೆ ಬಾರದ ಬಾಬ್ತು

ಊರಿಗೆ ಹಿಂದಿರುಗಿದ ಮೂರನೆಯ ದಿನ ಗಿರಣಿಗೆ ಹೋದೆ. ತಂದೆಯವರ ಕಾಲದಿಂದ ನಮ್ಮಲ್ಲಿ ಹಮಾಲಿ ಮಾಡಿದ ಹಿರಿಯರೊಬ್ಬರು ಕಾಯುತ್ತಿದ್ದರು. ಚಿಕ್ಕಂದಿನಲ್ಲಿ ನನ್ನನ್ನು ಚೀಲದ ಅಟ್ಟಿಯ ಮೇಲೆ ಕೂರಿಸಿ ಆಡಿಸಿದವರು ಅವರು. ಇನ್ನೂರರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಮಡಿಚಿದ ಐವತ್ತೊಂದು ರೂಪಾಯಿಯ ಮುಯ್ಯಿಯನ್ನು ಕೈಯಲ್ಲಿಟ್ಟು, “ಸಣ್ಣ ಸಾವ್ಕಾರ್ರ, ನಿಮ್ಮ ಲಗ್ನದ ಅಕ್ಕಿ ಚೀಲ ನಾನ ಇಳಸಬೇಕಂತ ಮಾಡಿದ್ದೆ. ಇರಲಿ ಬಿಡ್ರಿ, ಚಂದಾಗಿರ್ರಿ” ಎಂದರು. ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ. ಆ ದಿನ ರಾತ್ರಿ ತಂದೆಯವರು ಹೇಳಿದ್ದು ಇಷ್ಟೇ: ಬರ ಬಿದ್ದ ವರ್ಷ ರೈತನು ಕರೆದು ಭತ್ತ ಕೊಡುವುದು, ಲಾರಿ ಬಂದ ನಡುರಾತ್ರಿ ಹಮಾಲನು ಎದ್ದು ಬರುವುದು, ಕೂಲಿಗಾಗಿ ಮಾತ್ರ ಅಲ್ಲ.

ಮರುವಾರ ಗಿರಣಿಯ ಅಂಗಳದಲ್ಲಿಯೇ ಊರೂಟ ಹಾಕಿಸಿದೆವು. ಒಲೆಯ ಬಳಿಗೆ ಅಕ್ಕಿ ಚೀಲಗಳನ್ನು ಇಳಿಸಿದವರು ಆ ಹಿರಿಯರೇ. ಅದರ ಖರ್ಚನ್ನೂ ಕೂಡಿಸಿದಾಗ, ಊರಿನಲ್ಲಿಯೇ ಮದುವೆ ಮಾಡಿದ್ದರೆ ಆಗಬಹುದಾಗಿದ್ದ ಅಂದಾಜಿಗೂ ನಮ್ಮ ಒಟ್ಟು ಖರ್ಚಿಗೂ ಹೇಳಿಕೊಳ್ಳುವಂತಹ ಅಂತರ ಉಳಿಯಲಿಲ್ಲ. ಉಳಿತಾಯವೆಂಬ ನನ್ನ ವಾದ ಅಲ್ಲಿಗೆ ಬಿದ್ದುಹೋಯಿತು. ಮೇಲಾಗಿ ಶಾಮಿಯಾನ, ಹೂವು, ಅಡುಗೆಗೆ ನಮ್ಮೂರಿನ ಸಣ್ಣ ಉದ್ಯಮಗಳಿಗೆ ಸಲ್ಲಬೇಕಾಗಿದ್ದ ಹಣದ ಬಹುಭಾಗ ಬೇರೆ ಜಿಲ್ಲೆಗೆ ಸಂದಿತ್ತು.

ಹಾಗೆಂದು ಇದು ಪೂರ್ಣ ನಷ್ಟದ ವ್ಯವಹಾರವೆಂದು ಬರೆದರೆ ಅದೂ ಸುಳ್ಳು ಲೆಕ್ಕವಾಗುತ್ತದೆ. ಎಂಬತ್ತು ದಾಟಿದ ನಮ್ಮ ಅಜ್ಜಿಯವರು ಆ ಸಂಜೆ ಜೀವನದಲ್ಲಿ ಮೊದಲ ಬಾರಿಗೆ ಕಡಲನ್ನು ಕಂಡರು. ಕಾಲುವೆಯ ನೀರಿಗಾಗಿ ಜೀವಮಾನವೆಲ್ಲ ಕಾದ ಅವರು, ಇಷ್ಟು ನೀರಿಗೆ ಗೇಟೇ ಇಲ್ಲವೇ ಎಂದು ಕೇಳಿದರು. ಎರಡು ಕುಟುಂಬಗಳ ಇನ್ನೂರು ಜನ ಎರಡು ದಿನ ಒಟ್ಟಿಗೆ ಉಂಡು ಕುಳಿತು ಪರಸ್ಪರ ಪರಿಚಿತರಾದರು. ಊರಿನ ಮದುವೆಯ ಗದ್ದಲದಲ್ಲಿ ಅದು ಸಾಧ್ಯವಾಗುತ್ತಿರಲಿಲ್ಲ. ಅಜ್ಜಿಯವರು ಈಗ ಇಲ್ಲ. ಕಡಲಿನ ಮುಂದೆ ಅವರು ಕುಳಿತಿರುವ ಚಿತ್ರ ನಮ್ಮ ಅಂಗಡಿಯ ಗೋಡೆಯ ಮೇಲಿದೆ.

ಸಾರಾಂಶ

ದೂರದ ಊರಿನಲ್ಲಿ ಮದುವೆ ಮಾಡಲು ಇಚ್ಛಿಸುವ ವ್ಯಾಪಾರ ಬಾಂಧವರಿಗೆ ನನ್ನ ಅರಿಕೆ ಇಷ್ಟು. ಮದುವೆ ನಡೆಯುವ ವೇಳೆಗೆ ಸರಿಯಾಗಿ, ಅದೇ ತಿಥಿಯ ಸುಮಾರಿನಲ್ಲಿ ಸ್ಥಳವನ್ನು ನೋಡಿರಿ. ಒಳಗೊಳ್ಳದ ಬಾಬ್ತುಗಳನ್ನು ಬರೆಸಿಕೊಳ್ಳಿರಿ. ತೆರಿಗೆ ಸೇರಿದ ದರ ಕೇಳಿರಿ, ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿರಿ. ಊರೂಟದ ಖರ್ಚನ್ನು ಮೊದಲ ದಿನವೇ ಅಂದಾಜಿನಲ್ಲಿ ಸೇರಿಸಿ, ಅದರ ಆಮಂತ್ರಣವನ್ನು ಮದುವೆಗೆ ಹೊರಡುವ ಮೊದಲೇ ಹಂಚಿರಿ. ಇನ್ನೂರು ಹೆಸರುಗಳ ಪಟ್ಟಿ ಬರೆಯಲು ಕುಳಿತಾಗ ನಿಮ್ಮ ಅಂಗಡಿಯ ಬಾಗಿಲನ್ನು ಬೆಳಿಗ್ಗೆ ತೆರೆಯುವವರ ಹೆಸರಿನಿಂದ ಆರಂಭಿಸಿರಿ. ನಾನು ಆ ಪಟ್ಟಿಯನ್ನು ಇನ್ನೊಂದು ತುದಿಯಿಂದ ಬರೆಯಲು ತೊಡಗಿದ್ದೆ. ಕೆಳಗೆ ಬರುವಷ್ಟರಲ್ಲಿ ಇನ್ನೂರು ತುಂಬಿಹೋಗಿತ್ತು.