ಉತಾರ ಇದ್ದರೆ ಹೊಲ ನಿಮ್ಮದಾಯಿತೇ?

"ಉತಾರ ನನ್ನ ಹೆಸರೀಲೇ ಐತ್ರಿ, ಇನ್ನೇನ್ ಬೇಕು?" ಮುಂಡರಗಿ, ಶಿರಹಟ್ಟಿ ಕಡೆ ಹೊಲ ಮಾರುವವರು ಹೀಗೆಂದರೆ ಕೊಳ್ಳುವವರು ಸುಮ್ಮನಾಗಿಬಿಡುತ್ತಾರೆ. ವಕೀಲರು ಮಾತ್ರ ಕೇಳುವುದು 'ಟೈಟಲ್' ಸರಿಯಿದೆಯೇ ಎಂದು.

ಇಂಗ್ಲಿಷಿನ ಈ ಪದದ ಬೇರು ಲ್ಯಾಟಿನ್‌ನ 'ಟಿಟುಲುಸ್'. ಶಾಸನ, ಹೆಸರುಫಲಕ ಎಂದು ಅದರ ಅರ್ಥ. ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು, ಆಸ್ತಿ ಹಕ್ಕಿನ ಆಧಾರ ಎಂಬ ಅರ್ಥ ಪಡೆಯಿತು. ಪುಲಿಗೆರೆಯ, ಅಂದರೆ ಲಕ್ಷ್ಮೇಶ್ವರದ ದಾನಶಾಸನಗಳಲ್ಲೂ ಯಾರು ಕೊಟ್ಟರು, ಯಾರಿಗೆ, ಯಾವ ಭೂಮಿ ಎಂಬುದೇ ಮುಖ್ಯ. ಇಂದಿನ ಖರೀದಿ ಪತ್ರ ಹೇಳಬೇಕಾದ್ದೂ ಅಷ್ಟೇ, ಚಕ್ಕುಬಂದಿ ಸಮೇತ.

ಆದರೆ ಉತಾರ, ಅಂದರೆ ಪಹಣಿ, ಬರೀ ಕಂದಾಯ ದಾಖಲೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಅದರಲ್ಲಿರುವುದು ನಿಜವೆಂದು ಭಾವಿಸಬೇಕು, ಆದರೆ ತಪ್ಪೆಂದು ರುಜುವಾಗುವ ತನಕ ಮಾತ್ರ. ಖಾತೆ ಬದಲಾದ ಮಾತ್ರಕ್ಕೆ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಗದಗ-ಬೆಟಗೇರಿಯ ಮನೆ, ಪ್ಲಾಟಿನ ನಗರಸಭೆ ಖಾತೆಗೂ ಇದೇ ಮಾತು. ನೂರು ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಣಿ ಕಡ್ಡಾಯ. ಬಾಂಡ್ ಪೇಪರ್ ಮೇಲೆ ನೋಟರಿ ಮಾಡಿಸಿ ದುಡ್ಡೆಣಿಸುವವರು ಇನ್ನೂ ಇದ್ದಾರೆ, ಅದು ಖರೀದಿಯಲ್ಲ. ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮಾರಾಟಕ್ಕೂ 2011ರಲ್ಲೇ ಸುಪ್ರೀಂ ಕೋರ್ಟ್ ಇದೇ ತೀರ್ಪು ಕೊಟ್ಟಿದೆ.

ಹಾಗಾದರೆ ಏನು ನೋಡಬೇಕು? ಉತಾರದ 9ನೇ ಕಾಲಂನಲ್ಲಿ ಹೆಸರು ನೋಡಿ ಮಡಚಿಡಬೇಡಿ. 10ರಲ್ಲಿ ಆ ಹೆಸರು ಹೇಗೆ ಬಂತೆಂದಿದೆ: ವಾರಸಾ, ಖರೀದಿ ಅಥವಾ ವಿಭಾಗ. 11ರಲ್ಲಿ ಬ್ಯಾಂಕಿನ ಬೋಜಾ ಕಾಣುತ್ತದೆ. 10ನೇ ಕಾಲಂನ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರ್ ಹಿಡಿದು ತಹಶೀಲ್ದಾರ್ ಕಚೇರಿಯಲ್ಲಿ ಮ್ಯುಟೇಶನ್ ನಕಲು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ.

ವಾರಸಾ ಎಂದಿದ್ದರೆ ಇನ್ನಷ್ಟು ಎಚ್ಚರ. ಅಣ್ಣತಮ್ಮಂದಿರ ಹೆಸರಷ್ಟೇ ಏರಿಸಿ ಅಕ್ಕತಂಗಿಯರನ್ನು ಬಿಟ್ಟ ಉತಾರಗಳು ನಮ್ಮಲ್ಲಿ ಅಪರೂಪವಲ್ಲ. ಹೆಸರು ಬಿಟ್ಟಿತೆಂದು ಹಕ್ಕು ಹೋಗುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿದೆ. ಅದಕ್ಕೆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೂ ಮೊದಲು ಆದ ಮಾರಾಟ, ನೋಂದಾಯಿತ ವಿಭಾಗಗಳನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ.

ಮ್ಯುಟೇಶನ್ ಆದೇಶ ತಪ್ಪೆನಿಸಿದರೆ, ಅದು ತಿಳಿದ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಿ. ಒಡೆತನದ ತಂಟೆಯೇ ಇದ್ದರೆ ಸಿವಿಲ್ ಕೋರ್ಟಿಗೇ ಹೋಗಬೇಕು. ವಕೀಲರ ಫೀಜಿಗೆ ಹೆದರಬೇಡಿ: ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. ಸಹಾಯವಾಣಿ 15100.