ಹೊಸ ಮನೆಯ ಹಿತ್ತಿಲಲ್ಲಿ ಕೈತೋಟದ ಏರ್ಪಾಡು
(ಬೀದರ, ಭಾಲ್ಕಿ, ಔರಾದ ಸೀಮೆಯ ಗೃಹಸ್ಥರಿಗೆ)

ಭಾಲ್ಕಿ, ಔರಾದ ಕಡೆಗಳಿಂದ ಬೀದರ ಪಟ್ಟಣಕ್ಕೆ ಬಂದು ಹೊಸ ಮನೆ ಹೂಡುವವರು ತಮ್ಮ ಊರಿನ ರೀತಿಯಲ್ಲಿಯೇ ಹಿತ್ತಿಲನ್ನು ಸಾಗುವಳಿ ಮಾಡಿ, ಮೊದಲನೆಯ ಬೇಸಿಗೆಯಲ್ಲಿಯೇ ಸಸಿಗಳನ್ನು ಕಳೆದುಕೊಳ್ಳುವುದುಂಟು. ಇದಕ್ಕೆ ಕಾರಣ ಸೋಮಾರಿತನವಲ್ಲ, ಮಣ್ಣು ಬೇರೆಯಾದುದು. ಬೀದರ ಪಟ್ಟಣವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಭಾಲ್ಕಿ, ಔರಾದಗಳಲ್ಲಿ ಎರೆಭೂಮಿಯೇ ಹೆಚ್ಚು. ಆದಕಾರಣ ಗುದ್ದಲಿ ಹಿಡಿಯುವ ಮುನ್ನ ಈ ಕೆಳಗಿನ ಸಂಗತಿಗಳನ್ನು ಆಲೋಚಿಸತಕ್ಕದ್ದು.

1. ಮಣ್ಣಿನ ಪರೀಕ್ಷೆ.— ಮನೆ ಕಟ್ಟಿದಾಗ ಉಳಿದ ಸುಣ್ಣ, ಸಿಮೆಂಟು, ಇಟ್ಟಿಗೆಚೂರುಗಳನ್ನು ಮೊದಲು ತೆಗೆಯಿಸಬೇಕು. ಬಳಿಕ 1 ಅಡಿ ಆಳದ ಗುಣಿಯನ್ನು ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಬೇಕು. ನೀರು ಬೇಗನೆ ಇಂಗಿದರೆ ಆ ಮಣ್ಣಿಗೆ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಕೂಡಿಸಬೇಕು. ಜಂಬಿಟ್ಟಿಗೆ ಮಣ್ಣಿನಲ್ಲಿ ಸಾರವೂ ಕಡಿಮೆ, ತೇವವೂ ನಿಲ್ಲದು. ಮರುದಿನವೂ ನೀರು ನಿಂತಿದ್ದರೆ 6ರಿಂದ 9 ಅಂಗುಲ ಎತ್ತರದ ಏರುಮಡಿಗಳನ್ನು ಕಟ್ಟಬೇಕು. ಬುಡದಲ್ಲಿ ನೀರು ನಿಂತರೆ ಪಪ್ಪಾಯಿಯು ಒಂದೆರಡು ದಿನಗಳಲ್ಲಿಯೇ ಕೊಳೆಯಬಹುದು.

2. ನೀರಿನ ಲೆಕ್ಕ.— 100 ಚದರಡಿ ನೆಲಕ್ಕೆ 1 ಅಂಗುಲ ನೀರು ಹಾಯಿಸಲು ಸುಮಾರು 236 ಲೀಟರು, ಎಂದರೆ 15 ಲೀಟರಿನ 16 ಕೊಡ ಬೇಕು. 30 ಅಡಿ ಉದ್ದ, 20 ಅಡಿ ಅಗಲದ ಹಿತ್ತಿಲಿಗೆ ಇದರ ಆರು ಪಟ್ಟು! ಬೀದರದಲ್ಲಿ ನೀರಿನ ಬೆಲೆಯನ್ನು ಹಿಂದಿನವರು ಅರಿತಿದ್ದರು. ಬಹಮನಿಯರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಜಂಬಿಟ್ಟಿಗೆಯನ್ನು ಕೊರೆದು ಕರೇಜ್ ಎಂಬ ನೆಲದೊಳಗಿನ ಕಾಲುವೆಗಳಿಂದ ನೀರು ತಂದರು. ಆದುದರಿಂದ ಬೇಸಿಗೆಯಲ್ಲಿ ಒಂದೆರಡು ಮಡಿಗಳನ್ನು ಮಾತ್ರ ಉಳಿಸಿಕೊಂಡು, ಅವುಗಳ ಮೇಲೆ ತೊಗರಿಯ ಹೊಟ್ಟು ಅಥವಾ ಒಣ ಎಲೆಗಳನ್ನು ಹರಡಬೇಕು. ಅಕ್ಕಿ, ಕಾಯಿಪಲ್ಯ ತೊಳೆದ ನೀರನ್ನು ಕರಿಬೇವಿಗೆ ಬಿಡಬಹುದು.

3. ಸ್ಥಳದ ಏರ್ಪಾಡು.— ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ಆದಕಾರಣ ಪೇರಲ, ನಿಂಬೆ, ನುಗ್ಗೆಗಳನ್ನು ಹಿತ್ತಿಲಿನ ಉತ್ತರದ ಅಂಚಿನಲ್ಲಿ ನೆಡತಕ್ಕದ್ದು. ಮಡಿಯು 4 ಅಡಿಗಿಂತ ಅಗಲವಿರಕೂಡದು; ಎರಡು ಬದಿಗಳಿಂದಲೂ ಕೈ ನಿಲುಕಬೇಕು. ನಡುವೆ ಒಂದೂವರೆ ಅಡಿ ದಾರಿ ಸಾಕು.

4. ಬಿತ್ತನೆಯ ಕಾಲ.— ಮೃಗಶಿರಾ ಮಳೆಗೆ ಬೆಂಡೆ, ಹೀರೆ, ಚವಳಿ, ಪುಂಡಿಪಲ್ಯ. ಜುಲೈಯಲ್ಲಿ ಬದನೆ, ಮೆಣಸಿನ ಸಸಿ. ಅಕ್ಟೋಬರಿನಿಂದ ಮೆಂತೆ, ಪಾಲಕ, ಕೊತ್ತಂಬರಿ, ಮೂಲಂಗಿ, ಉಳ್ಳಾಗಡ್ಡಿ. ಮೆಂತೆಯನ್ನು ಒಂದೇ ಸಲಕ್ಕೆ ಬಿತ್ತದೆ 15 ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತಿದರೆ ಮನೆಗೆ ಪಲ್ಯದ ಕೊರತೆಯಾಗದು.

5. ಎಚ್ಚರಿಕೆ.— ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಗೋಡೆಯ ಬುಡದಲ್ಲಿ ಮಡಿ ಮಾಡಿ ನೀರು ಕಟ್ಟಿದರೆ ಅಡಿಪಾಯವು ಅಲುಗಿ ಗೋಡೆಯೂ ಬಿರಿದೀತು. ಕಾಯಿಪಲ್ಯದ ಆಸೆಗೆ ಮನೆಯನ್ನೇ ಕೆಡಿಸಿಕೊಳ್ಳಬಾರದು. ಮರಗಳನ್ನೂ ಗೋಡೆಯಿಂದ ದೂರವಿಡಬೇಕು.

ಮೊದಲನೆಯ ವರ್ಷ ಎರಡು ಮಡಿ, ಒಂದು ಕರಿಬೇವು, ಒಂದು ನಿಂಬೆ ಸಾಕು. ನೆಲದ ಗುಣವನ್ನೂ ನೀರಿನ ಅಳತೆಯನ್ನೂ ಒಂದು ವರ್ಷ ಕಂಡುಕೊಂಡು ಬಳಿಕ ವಿಸ್ತರಿಸಿದವರ ಹಿತ್ತಿಲೇ ಬಾಳುವುದು.