ಮಲ್ಟಿಪ್ಲೆಕ್ಸ್‌ಗಳು ಬಾಗಿಲು ಹಾಕುವುದೇಕೆ?

ಪ್ರಶ್ನೆ: ಹೊಸ ಸಿನಿಮಾ ಬಂದರೆ ನಾವು ಕಲಬುರಗಿಗೋ ಹೈದರಾಬಾದಿಗೋ ರೈಲು ಹತ್ತುತ್ತೇವೆ. ಆದರೆ ದೊಡ್ಡ ಊರುಗಳ ಹೊರವಲಯದಲ್ಲಿ ಭರ್ಜರಿಯಾಗಿ ಶುರುವಾದ ಮಲ್ಟಿಪ್ಲೆಕ್ಸ್‌ಗಳೇ ಮುಚ್ಚುತ್ತಿವೆ ಎನ್ನುತ್ತಾರೆ. ಜನ ಸಿನಿಮಾ ನೋಡುವುದನ್ನು ಬಿಟ್ಟರೇ? ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳಿಗೆ ಒಳ್ಳೆಯ ಥಿಯೇಟರ್ ಬರುವುದೇ ಇಲ್ಲವೇ?
– ಓದುಗರೊಬ್ಬರು, ವಾಡಿ

ಉತ್ತರ: ಜನ ಬಿಟ್ಟಿಲ್ಲ. 2022ರಲ್ಲಿ ‘ಕೆಜಿಎಫ್ 2’ ಮತ್ತು ‘ಕಾಂತಾರ’ ಓಡಿದ ರೀತಿ ನಿಮಗೂ ನೆನಪಿದೆ. ಆದರೂ ಮರುವರ್ಷ ಮೇ ತಿಂಗಳಲ್ಲಿ, ದೇಶದ ಅತಿ ದೊಡ್ಡ ಮಲ್ಟಿಪ್ಲೆಕ್ಸ್ ಕಂಪನಿ ಪಿವಿಆರ್ ಐನಾಕ್ಸ್ ಸುಮಾರು 50 ಪರದೆಗಳನ್ನು ಮುಚ್ಚುವುದಾಗಿ ಹೇಳಿತು. ಅದು ಕೊಟ್ಟ ಕಾರಣ ಗಮನಿಸಿ: ಈ ಪರದೆಗಳು ನಷ್ಟದಲ್ಲಿವೆ, ಇಲ್ಲವೇ ಅವು ಇರುವ ಮಾಲ್‌ಗಳ ಕಾಲವೇ ಮುಗಿದಿದೆ.

ಗುಟ್ಟು ಇರುವುದು ಮಾಲ್‌ನಲ್ಲೇ, ಮಲ್ಟಿಪ್ಲೆಕ್ಸ್ ಬೆಳೆದದ್ದೇ ಅದರ ಜೊತೆಗೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1963ರಲ್ಲಿ ಸ್ಟಾನ್ಲಿ ಡರ್ವುಡ್ ಒಂದು ಶಾಪಿಂಗ್ ಸೆಂಟರ್‌ನಲ್ಲಿ ಎರಡು ಪರದೆಯ ಚಿತ್ರಮಂದಿರ ತೆರೆದರು. ಎರಡಕ್ಕೂ ಒಂದೇ ಟಿಕೆಟ್ ಕೌಂಟರ್, ಒಂದೇ ಕ್ಯಾಂಟೀನ್, ಅಷ್ಟೇ ಸಿಬ್ಬಂದಿ. ಇಂಗ್ಲೆಂಡಿನ ಮೊದಲ ಮಲ್ಟಿಪ್ಲೆಕ್ಸ್, ಮಿಲ್ಟನ್ ಕೀನ್ಸ್‌ನ ‘ದಿ ಪಾಯಿಂಟ್’, 1985ರಲ್ಲಿ 10 ಪರದೆಗಳೊಂದಿಗೆ ಆರಂಭವಾಯಿತು. 2015ರಲ್ಲಿ ಅಲ್ಲಿ ಸಿನಿಮಾ ನಿಂತಿತು. ನಮ್ಮಲ್ಲಿ ದೆಹಲಿಯ ಸಾಕೇತ್‌ನ ಅನುಪಮ್ ಮಲ್ಟಿಪ್ಲೆಕ್ಸ್ 1997ರಲ್ಲಿ, ಬೆಂಗಳೂರಿನ ಫೋರಂ ಮಾಲ್‌ನ 11 ಪರದೆಗಳು 2004ರಲ್ಲಿ ಬಂದವು.

ಇನ್ನೂ ದೊಡ್ಡದು, ಇನ್ನೂ ಹೊಸದು ಬಂದಾಗ ಹಳೆಯದು ಸೊರಗುತ್ತದೆ. 1995ರಲ್ಲಿ ಡಲ್ಲಾಸ್‌ನಲ್ಲಿ 24 ಪರದೆಗಳ ಚಿತ್ರಮಂದಿರ ತೆರೆಯಿತು. ಮೆಟ್ಟಿಲು ಮೆಟ್ಟಿಲಾಗಿ ಏರುವ ಆಸನಗಳು ಬಂದ ಮೇಲೆ, ಮುಂದಿನವರ ತಲೆ ಅಡ್ಡ ಬರುವ ಹಳೆಯ ಹಾಲ್‌ಗಳು ಯಾರಿಗೂ ಬೇಡವಾದವು. ಜನ ಹೋದರೂ ದೀರ್ಘಾವಧಿಯ ಬಾಡಿಗೆ ಕರಾರು ಹೋಗಲಿಲ್ಲ. 2000ದ ಹೊತ್ತಿಗೆ ಕಾರ್ಮೈಕ್, ಯುನೈಟೆಡ್ ಆರ್ಟಿಸ್ಟ್ಸ್, ಜನರಲ್ ಸಿನಿಮಾದಂಥ ಕಂಪನಿಗಳು ಸಾಲು ಸಾಲಾಗಿ ದಿವಾಳಿ ಅರ್ಜಿ ಹಾಕಿದವು.

ಒಂದು ಟಿಕೆಟ್‌ನ ಲೆಕ್ಕ ನೋಡಿ. 200 ರೂಪಾಯಿಯಲ್ಲಿ ಶೇ 18 ಜಿಎಸ್‌ಟಿ ಕಳೆದರೆ ಸುಮಾರು 169 ಉಳಿಯಿತು. ಹಿಂದಿ ಚಿತ್ರಗಳಿಗೆ 2009ರಲ್ಲಿ ಆದ ಒಪ್ಪಂದದಂತೆ ಮೊದಲ ವಾರ ಅದರಲ್ಲಿ ಅರ್ಧ ವಿತರಕರಿಗೆ. ಪ್ರದರ್ಶಕರ ಕೈಗೆ ಬರುವುದು 85ರ ಆಸುಪಾಸು. ಮಾಲ್ ಬಾಡಿಗೆ, ಎ.ಸಿ., ಸಂಬಳ ಎಲ್ಲವೂ ಅದರಲ್ಲೇ ಆಗಬೇಕು. ಮಂಗಳವಾರದ ಮ್ಯಾಟಿನಿಗೆ ಹನ್ನೆರಡು ಜನ ಬಂದರೂ ಎ.ಸಿ. ಓಡಲೇಬೇಕು! ಪಾಪ್‌ಕಾರ್ನ್ ದುಬಾರಿಯಾಗುವುದು ಇದಕ್ಕೇ. ಅದರಲ್ಲಿ ವಿತರಕರಿಗೆ ಪಾಲಿಲ್ಲ. ಮಾಲ್‌ನಲ್ಲಿ ಅಂಗಡಿಗಳು ಖಾಲಿಯಾದರೆ ಸುಮ್ಮನೆ ಸುತ್ತಾಡಲು ಬಂದು ಸಿನಿಮಾಕ್ಕೆ ನುಗ್ಗುವವರೂ ಇಲ್ಲವಾಗುತ್ತಾರೆ.

ನಿಮ್ಮ ಕಡೆಯ ಮಾತೇ ಬೇರೆ. ಸಿನಿಮಾ ವ್ಯಾಪಾರದಲ್ಲಿ ಕಲಬುರಗಿ ಸೀಮೆ ಹಿಂದಿನಿಂದಲೂ ನಿಜಾಂ ಪ್ರಾಂತಕ್ಕೆ ಸೇರಿದ್ದು. ಕನ್ನಡ, ತೆಲುಗು, ಹಿಂದಿ ಮೂರಕ್ಕೂ ಇಲ್ಲಿ ಪ್ರೇಕ್ಷಕರಿದ್ದಾರೆ. ವಾಡಿ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಯ ಸಂಬಳವಿದೆ. ಇಲ್ಲದ್ದು ದೊಡ್ಡ ಜನಸಂಖ್ಯೆ. 2011ರ ಜನಗಣತಿಯಲ್ಲಿ ವಾಡಿಯೂ ಸೇರಿ ನೀವು ಹೇಳಿದ ಐದರಲ್ಲಿ ಯಾವ ಪಟ್ಟಣವೂ ಲಕ್ಷ ಮುಟ್ಟಿರಲಿಲ್ಲ. ಆರು ಪರದೆಯ ಮಲ್ಟಿಪ್ಲೆಕ್ಸ್ ಇಲ್ಲಿ ಬದುಕದು, ಅದನ್ನು ಕೇಳುವುದೂ ಬೇಡ. ಕೋವಿಡ್ ಕಾಲದ ಪಾಠವೂ ಹತ್ತಿರದ್ದೇ: ದೇಶದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದವರು ಕಲಬುರಗಿಯವರು, 2020ರ ಮಾರ್ಚ್ 14ರಿಂದ ರಾಜ್ಯದ ಚಿತ್ರಮಂದಿರಗಳು ಮುಚ್ಚಿದವು. ಆದಾಯ ನಿಂತಾಗ, ತಿಂಗಳ ಖರ್ಚು ಹೆಚ್ಚಿದ್ದವರಿಗೆ ಪೆಟ್ಟು ಜೋರಾಗಿಯೇ ಬಿತ್ತು.

ನನ್ನ ಮಾತು ಕೇಳುವುದಾದರೆ, ಸೇಡಂಗೋ ಶಹಾಬಾದಿಗೋ ಒಪ್ಪುವುದು ಸ್ವಂತ ಜಾಗದಲ್ಲಿ ನೂರು, ನೂರೈವತ್ತು ಸೀಟಿನ ಎರಡು ಪರದೆ. ಬಾಡಿಗೆಯ ಹೊರೆ ಇರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ 5 ಮಾತ್ರ. ರೀಲಿನ ಕಾಲದಲ್ಲಿ ಪ್ರಿಂಟ್ ದುಬಾರಿ, ಡಬ್ಬಿ ದೊಡ್ಡ ಊರು ಸುತ್ತಿ ಸಣ್ಣ ಊರಿಗೆ ಬರುವಷ್ಟರಲ್ಲಿ ಚಿತ್ರ ಹಳತಾಗಿರುತ್ತಿತ್ತು. ಈಗ ಡಿಜಿಟಲ್, ಬೆಂಗಳೂರಿನ ಶುಕ್ರವಾರವೇ ಚಿಂಚೋಳಿಯ ಶುಕ್ರವಾರವೂ ಆಗಬಹುದು. ನಿಮ್ಮ ಸುತ್ತಮುತ್ತ ಬೀಗ ಬಿದ್ದ ಟಾಕೀಸ್ ಇದ್ದರೆ, ಅದು ಗೋದಾಮೋ ಕಲ್ಯಾಣ ಮಂಟಪವೋ ಆಗುವ ಮೊದಲು ನಾಲ್ಕು ಜನ ಕೂಡಿ ಮಾಲೀಕರ ಬಳಿ ಹೋಗಿ, ಈ ಲೆಕ್ಕವನ್ನು ಅವರ ಮುಂದಿಡಿ.